ಶಾಲೆಯಲ್ಲಿ ಬೆಳಗಿನ ತಿಂಡಿ: ಹೆಡ್‌ಮಾಸ್ಟರೇ ಶುರು ಮಾಡಬೇಕಾ?

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನ ಬಿಸಿಯೂಟ ಇದೆ. ಬೆಳಿಗ್ಗೆ ಹಾಲು ಇದೆ, ಊಟದ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ತಮಿಳುನಾಡಿನಲ್ಲಿರುವಂಥ ತಿಂಡಿ ಯೋಜನೆ ಮಾತ್ರ ಇಲ್ಲ. ಸರ್ಕಾರಕ್ಕೆ ಕಾಯದೆ, ಊರಿನವರನ್ನು ಸೇರಿಸಿಕೊಂಡು ಮುಖ್ಯ ಶಿಕ್ಷಕರೇ ತಿಂಡಿ ಶುರು ಮಾಡಬೇಕೇ? ಇಬ್ಬರು ಶಿಕ್ಷಕರ ಎರಡು ಅಭಿಪ್ರಾಯ ಇಲ್ಲಿವೆ.

ಪರ: ಒಲೆ ಹಚ್ಚೋಕೆ ಆದೇಶ ಬೇಕಿಲ್ಲ

ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು "ತಿಂಡಿ ತಿಂದ್ರಾ?" ಅಂತ ಕೇಳಬೇಡಿ. ಎಲ್ಲರೂ "ಹೂಂ ಸಾರ್" ಅಂತಾರೆ. "ಏನು ತಿಂದ್ರಿ?" ಅಂತ ಕೇಳಿ. ನಾನು ಹಾಗೆ ಕೇಳಿದಾಗ ಚಹಾ ಬನ್ನು, ರಾತ್ರಿಯ ಅನ್ನ, ಬರೀ ಚಹಾ ಅನ್ನೋ ಉತ್ತರ ಬಂದವು. ಒಬ್ಬಳು ಹುಡುಗಿ, "ಅವ್ವ ಐದಕ್ಕೇ ಹೊಲಕ್ಕೆ ಹೋದ್ಲು ಸಾರ್" ಅಂದು ಕೂತುಬಿಟ್ಟಳು.

ರಾತ್ರಿ ಎಂಟಕ್ಕೆ ಉಂಡ ಮಗುವಿಗೆ ಮತ್ತೆ ಹೊಟ್ಟೆ ತುಂಬ ಸಿಗುವುದು ಮಧ್ಯಾಹ್ನ ಒಂದು ಗಂಟೆಗೆ. ನಡುವೆ ಹದಿನೇಳು ಗಂಟೆ. ಆ ಹೊತ್ತಿನಲ್ಲೇ ನಾವು ಭಾಗಾಕಾರ ಹೇಳಿಕೊಡುತ್ತೇವೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯ, ಅಂದರೆ ಶಾಲೆಯಲ್ಲಿ ಹಾಲು ಕೊಡುವ ಯೋಜನೆ, ಒಳ್ಳೆಯದೇ. ಆದರೆ 18 ಗ್ರಾಂ ಪುಡಿಯಲ್ಲಿ ಕಾಸಿದ 150 ಮಿಲಿಲೀಟರ್ ಹಾಲು ತಿಂಡಿಯಾಗುತ್ತದಾ? ಖಾಲಿ ಹೊಟ್ಟೆಗೆ ಸಿಹಿ ಹಾಲು ಕುಡಿದು ವಾಕರಿಸುವ ಮಕ್ಕಳೂ ಇದ್ದಾರೆ. 2024ರಿಂದ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸುತ್ತಿದ್ದೇವೆ. ಆ ಮೂರು ದಿನ ವ್ಯತ್ಯಾಸ ಕಾಣುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮಕ್ಕಳಿಗೆ ಬೆಳಗಿನ ಉಪಾಹಾರ ಕೊಡಿ ಅಂದಿದೆ. ನೀತಿ ಬಂತು, ಅದರ ಹಿಂದೆ ದುಡ್ಡು ಬರಲಿಲ್ಲ. ಹಾಗಂತ ಕೂತಿರಬೇಕಾ?

ಮೊದಲು ಹೊತ್ತು ಸರಿ ಮಾಡಬೇಕು. ಬಹಳ ಕಡೆ ಎಡವುವುದು ಇಲ್ಲೇ. ತಿಂಡಿ ಅಂದರೆ ಶಾಲೆ ಶುರುವಾಗುವ ಮುಂಚೆ ಕೊಡೋದು ಅಂದುಕೊಳ್ಳುತ್ತೇವೆ. ಆಗ ಬರೋರು ಶಾಲೆ ಪಕ್ಕದ ಮನೆಯ ಮಕ್ಕಳು. ಬಸ್ಸಿಗೆ ಕಾಯುವವರು, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರುವವರು ತಪ್ಪಿಹೋಗುತ್ತಾರೆ, ಮತ್ತು ಹಸಿದಿರೋದು ಅವರೇ. ಅಮೆರಿಕದಲ್ಲಿ ಶಾಲಾ ತಿಂಡಿ 1975ರಿಂದ ಕಾಯಂ ಯೋಜನೆ. ಅಲ್ಲೂ ಇದೇ ತೊಂದರೆ ಕಂಡು, ಎಷ್ಟೋ ಶಾಲೆಗಳು ಗಂಟೆ ಹೊಡೆದ ಮೇಲೆ ತರಗತಿಯಲ್ಲೇ ತಿಂಡಿ ಕೊಡಲು ಶುರು ಮಾಡಿದವು. ತಿನ್ನುವ ಮಕ್ಕಳ ಸಂಖ್ಯೆ ಏರಿತು. ನಮ್ಮಲ್ಲಿ ಹಾಜರಿ ಕರೆಯುವ ಹೊತ್ತಿಗೇ ತಟ್ಟೆ ಹಿಡಿಸಿದರೆ ಹತ್ತು ನಿಮಿಷದ ಕೆಲಸ.

ಏನು ಕೊಡೋದು? ದಿನಾ ಉಪ್ಪಿಟ್ಟು ಬೇಕಿಲ್ಲ. ನೆನೆಸಿದ ಅವಲಕ್ಕಿಗೆ ಬೆಲ್ಲ ಕಾಯಿ, ಬೇಯಿಸಿದ ಹೆಸರುಕಾಳು, ಶೇಂಗಾ, ಮಂಡಕ್ಕಿ. ಊರಿನಲ್ಲಿ ಹುಟ್ಟುಹಬ್ಬಕ್ಕೆ ಕೇಕು ಹಂಚುವವರಿಗೆ "ಒಂದು ಮೂಟೆ ಅವಲಕ್ಕಿ ಕೊಡಿ ಸ್ವಾಮಿ" ಅಂತ ಕೇಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಲೆಕ್ಕ ಓದಿ ಹೇಳಿ, ಗೋಡೆಗೂ ಅಂಟಿಸಿ. ಕೊಟ್ಟವರು ಮತ್ತೆ ಕೊಡುತ್ತಾರೆ.

ಇನ್ನೊಂದು ಮಾತು. ಎಲ್ಲರಿಗೂ ಕೊಡಿ. "ತಿಂದು ಬರದವರು ಈ ಕಡೆ ಬನ್ನಿ" ಅಂದ ದಿನ ಯಾರೂ ಆ ಕಡೆ ಹೋಗಲ್ಲ. ನಾನು ಮಾಡಿದ ತಪ್ಪು ಅದು.

ವಿರೋಧ: ಇನ್ನೊಂದು ಪಾತ್ರೆ, ಅದೇ ಹೆಗಲು

ಮಕ್ಕಳಿಗೆ ತಿಂಡಿ ಬೇಡ ಅನ್ನಲು ನನಗೇನು ಹುಚ್ಚೇ? ನನ್ನ ತಕರಾರು "ಹೆಡ್‌ಮಾಸ್ಟರೇ ಮಾಡಲಿ" ಅನ್ನೋ ಮಾತಿನ ಬಗ್ಗೆ.

ಅವರ ಮೇಜಿನ ಮೇಲೆ ಈಗಲೇ ಏನೇನಿದೆ ನೋಡಿ. ಅಕ್ಕಿ ಬೇಳೆಯ ದಾಸ್ತಾನು, ಹಾಲಿನ ಪುಡಿಯ ಲೆಕ್ಕ, ಸಿಲಿಂಡರು, ಮೊಟ್ಟೆ. ಮೊಟ್ಟೆ ಕಥೆಯನ್ನೇ ಹೇಳುತ್ತೇನೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂತು. ಸಂತೋಷ. ಆದರೆ ಒಂದಕ್ಕೆ ನಿಗದಿಯಾದದ್ದು 6 ರೂಪಾಯಿ, ಅದರಲ್ಲೇ ಬೇಯಿಸುವ, ಸುಲಿಯುವ ಖರ್ಚೂ ಸೇರಿದೆ. ಅಂಗಡಿಯಲ್ಲಿ ಬೆಲೆ ಅದನ್ನು ದಾಟಿದ ವಾರ ಉಳಿದ ದುಡ್ಡು ಎಲ್ಲಿಂದ ಬರುತ್ತೆ? ಹೆಡ್‌ಮಾಸ್ಟರ ಜೇಬಿಂದ. ಇದು ಆದೇಶವಿರುವ ಯೋಜನೆಯ ಗತಿ. ಆದೇಶವೇ ಇಲ್ಲದ ತಿಂಡಿಗೆ?

ಅಡುಗೆಯವರನ್ನು ಯಾರೂ ಕೇಳುವುದಿಲ್ಲ. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ 2009ರಲ್ಲಿ ನಿಗದಿಯಾದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿತ್ತು. ರಾಜ್ಯ ತನ್ನ ಕಡೆಯಿಂದ ಒಂದಿಷ್ಟು ಸೇರಿಸುತ್ತದೆ. ಆ ಅಕ್ಕಂದಿರನ್ನು "ನಾಳೆಯಿಂದ ಎರಡು ಗಂಟೆ ಮುಂಚೆ ಬನ್ನಿ" ಅಂತ ಕರೆಯೋದು ಹೇಗೆ? ಅವರ ಮನೆಯಲ್ಲೂ ಶಾಲೆಗೆ ಹೊರಡುವ ಮಕ್ಕಳಿರುತ್ತಾರೆ, ಅಲ್ವಾ?

ದಾನಿಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಜೂನ್‌ನಲ್ಲಿ ಫೋಟೊ, ದಸರೆ ಹೊತ್ತಿಗೆ ಫೋನು ಎತ್ತಲ್ಲ. ಶುರು ಮಾಡಿ ನಿಲ್ಲಿಸಿದ ತಿಂಡಿ, ಶುರುವೇ ಆಗದ ತಿಂಡಿಗಿಂತ ಕೆಟ್ಟದ್ದು. ಮಗು ಮನೆಯಲ್ಲಿ ತಿನ್ನೋದನ್ನೂ ಬಿಟ್ಟಿರುತ್ತೆ. ದುಡ್ಡು ಕೊಟ್ಟವರು ಆಮೇಲೆ ಸಲಹೆಯನ್ನೂ ಕೊಡುತ್ತಾರೆ: ಈರುಳ್ಳಿ ಬೇಡ, ಮೊಟ್ಟೆ ಬೇಡ, ಆಕೆ ಅಡುಗೆ ಮಾಡೋದು ಬೇಡ. ದಲಿತ ಮಹಿಳೆ ಬೇಯಿಸಿದರೆ ಮಕ್ಕಳನ್ನು ಉಣ್ಣಲು ಬಿಡದ ಊರುಗಳು ನಮ್ಮಲ್ಲಿ ಇನ್ನೂ ಇವೆ. ಸರ್ಕಾರದ ಅಡುಗೆಯಾದರೆ "ನಿಯಮ" ಅಂತ ಗಟ್ಟಿಯಾಗಿ ಹೇಳಬಹುದು. ದಾನದ ಅಡುಗೆಗೆ ಹಾಗೆ ಹೇಳೋಕೆ ಬಾಯಿ ಬರಲ್ಲ. ಕಂಪನಿಗಳು ಹತ್ತಿರವಿರುವ ಬೆಂಗಳೂರಿನ ಸುತ್ತಿನ ಶಾಲೆಗೆ ಇಡ್ಲಿ, ಯಾದಗಿರಿಯ ತಾಂಡಾ ಶಾಲೆಗೆ ಏನು?

ಏನಾದರೂ ಹೆಚ್ಚುಕಮ್ಮಿ ಆದರೆ? 2013ರ ಜುಲೈನಲ್ಲಿ ಬಿಹಾರದ ಛಪ್ರಾ ಬಳಿ ಬಿಸಿಯೂಟದಲ್ಲಿ ಕೀಟನಾಶಕ ಸೇರಿ 23 ಮಕ್ಕಳು ಸತ್ತರು. ಮುಖ್ಯೋಪಾಧ್ಯಾಯಿನಿಗೆ 2016ರಲ್ಲಿ ಜೈಲು ಶಿಕ್ಷೆಯಾಯಿತು. ಅವರ ನಿರ್ಲಕ್ಷ್ಯವನ್ನು ಸಮರ್ಥಿಸುತ್ತಿಲ್ಲ. ಆದರೆ ಅಡುಗೆಮನೆ ಹೊಣೆ ಅಂದರೆ ಅಂಥ ಹೊಣೆ. ಯಾರೋ ತಂದುಕೊಟ್ಟ ಮೂಟೆಯಲ್ಲಿ ಹುಳ ಇತ್ತು, ಎಣ್ಣೆ ಹಳೆಯದಿತ್ತು ಅಂದರೆ ಉತ್ತರ ಕೊಡೋರು ಯಾರು?

ತಮಿಳುನಾಡು ಹೇಗೆ ಮಾಡಿತು ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಮದುರೈಯಲ್ಲಿ ಶುರು, 1,545 ಶಾಲೆ. ಮುಂದಿನ ವರ್ಷ ಸುಮಾರು 31,000 ಶಾಲೆ, 17 ಲಕ್ಷ ಮಕ್ಕಳು. ಉಪ್ಪಿಟ್ಟು, ಪೊಂಗಲ್, ಕಿಚಡಿ, ಜೊತೆಗೆ ಸಾಂಬಾರ್. ದುಡ್ಡು ಸರ್ಕಾರದ್ದು, ಅಡುಗೆ ಸ್ವಸಹಾಯ ಗುಂಪಿನ ಹೆಂಗಸರದ್ದು. ಮೇಷ್ಟ್ರು ದಾನ ಕೇಳಿಕೊಂಡು ಮನೆಮನೆ ತಿರುಗಲಿಲ್ಲ. ನಮ್ಮಲ್ಲೂ 2002ರಲ್ಲಿ ಅಕ್ಷರ ದಾಸೋಹ, ಅಂದರೆ ಈ ಬಿಸಿಯೂಟ, ಶುರುವಾಗಿದ್ದು ಏಳು ಜಿಲ್ಲೆಗಳಲ್ಲಿ, ಸರ್ಕಾರದ್ದೇ ಯೋಜನೆಯಾಗಿ. ಹಾಗಾಗಿಯೇ ಅದು ಇನ್ನೂ ಉಳಿದಿದೆ.

ಹೆಡ್‌ಮಾಸ್ಟರ್ ಮಾಡಬೇಕಾದ್ದು ಒಂದಿದೆ. ಎಷ್ಟು ಮಕ್ಕಳು ಏನೂ ತಿನ್ನದೆ ಬರುತ್ತಾರೆ ಅಂತ ಒಂದು ತಿಂಗಳು ಬರೆದಿಡಲಿ, ಎಸ್‌ಡಿಎಂಸಿಯಲ್ಲಿ ಠರಾವು ಮಾಡಿಸಲಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಲಿ. ನಮ್ಮ ಶಾಲೆಯಿಂದ ಕಳಿಸಿದ್ದೇವೆ. ಸ್ವೀಕೃತಿಯ ಸೀಲು ಬಂದಿದೆ. ಈ ತಿಂಗಳು ಮತ್ತೊಂದು ಕಳಿಸುತ್ತೇವೆ.