ಪ್ರಳಯದ ಮೇಲೊಂದು ಹಡಗು

ನಮ್ಮ ಕಾಸರಗೋಡಿನ ಬೀಚ್ ಉತ್ಸವದ ಆ ಹಡಗನ್ನು ನೀವೂ ನೋಡಿರುತ್ತೀರಿ. ವಾಟ್ಸಾಪ್ ತುಂಬ ಅದೇ ಇತ್ತಲ್ಲ. 60 ಅಡಿಯ ಪ್ಲೈವುಡ್ ಯುದ್ಧನೌಕೆ, ಪಿವಿಸಿ ಪೈಪಿನ ಫಿರಂಗಿ, ಸೆಲ್ಫಿಗೆ 20 ರೂಪಾಯಿ. ಯಾವುದೋ ಮೊಬೈಲ್ ಗೇಮಿನದ್ದಂತೆ. ಅದರಲ್ಲಿ ಪ್ರಪಂಚ ಮುಗಿದುಹೋಗಿದೆ. ಉಳಿದ ನಾಲ್ಕು ಜನ ಸೇರಿ ನೌಕಾಪಡೆ ಕಟ್ಟಿದ್ದಾರೆ. ಒಂದೊಂದು ಹಡಗೂ ಎರಡು ಕಿಲೋಮೀಟರ್ ಉದ್ದ. ಅಂಥವು ಹನ್ನೆರಡು.

"ಡೀಸೆಲ್ ಎಲ್ಲಿಂದ ಮಾರಾಯ?" ಅಂತ ಅಳಿಯನನ್ನು ಕೇಳಿದೆ.

"ಗೇಮಲ್ಲಿ ಅದೆಲ್ಲ ಕೇಳ್ಲಿಕ್ಕಿಲ್ಲ ಮಾವ."

ಸರಿ, ಕೇಳುವುದಿಲ್ಲ. ಆದರೂ ಅವರ ಗುತ್ತಿಗೆದಾರ ಯಾರು ಅಂತ ಗೊತ್ತಾಗಬೇಕು. ಕೊಚ್ಚಿಯಲ್ಲಿ ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್‌ಗೆ ಕೀಲ್, ಅಂದರೆ ತಳದ ಅಡಿಗಟ್ಟು, ಇಟ್ಟದ್ದು 2009ರಲ್ಲಿ, ಅದು ನೌಕಾಪಡೆಗೆ ಸೇರಿದ್ದು 2022ರಲ್ಲಿ. ಉದ್ದ 262 ಮೀಟರ್. ಪ್ರಪಂಚ ಗಟ್ಟಿಮುಟ್ಟಾಗಿದ್ದು, ಕರೆಂಟಿದ್ದು, ತಿಂಗಳ ಸಂಬಳ ಬರುತ್ತಿದ್ದಾಗಲೇ 13 ವರ್ಷ ಬೇಕಾಯಿತು. ಇವರು ಬೂದಿಯಲ್ಲಿ ಕೂತು ಹನ್ನೆರಡು ಇಳಿಸಿದ್ದಾರೆ! ಇಂಥವರನ್ನು ನಮ್ಮ ಹೆದ್ದಾರಿ ಕೆಲಸಕ್ಕೆ ಕರೆಸಬಾರದೇ?

ದೊಡ್ಡ ಹಡಗಿನ ಹುಚ್ಚು ಹೊಸದಲ್ಲ ಬಿಡಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಯುದ್ಧನೌಕೆ ಯಮಾಟೊಗೆ 46 ಸೆಂಟಿಮೀಟರ್ ಬಾಯಿಯ ಫಿರಂಗಿಗಳಿದ್ದವು. 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನಗಳು ಬಂದು ಮುಳುಗಿಸಿದವು. ನನಗೆ ಜಾಸ್ತಿ ಇಷ್ಟ ಬ್ರಿಟಿಷರ ಐಸ್ ಹಡಗು. ಅದೇ ಯುದ್ಧದಲ್ಲಿ, ನೀರಿಗೆ ಮರದ ಹುಡಿ ಬೆರೆಸಿ ಹೆಪ್ಪುಗಟ್ಟಿಸಿ 600 ಮೀಟರ್ ಉದ್ದದ ವಿಮಾನವಾಹಕ ಕಟ್ಟಲು ಹೊರಟಿದ್ದರು. ಸುಮ್ನೆ ಹೇಳುತ್ತಿಲ್ಲ. ಆ ಐಸಿಗೆ ಪೈಕ್ರೀಟ್ ಅಂತ ಹೆಸರು. 1943ರಲ್ಲಿ ಕೆನಡಾದ ಒಂದು ಸರೋವರದಲ್ಲಿ ಸಣ್ಣ ಮಾದರಿ ಮಾಡಿಯೂ ನೋಡಿದರು. ಆಮೇಲೆ ಕೈಬಿಟ್ಟರು. ನಮ್ಮನ್ನು ಕೇಳಬಹುದಿತ್ತು. ಕಾಸರಗೋಡಿನಲ್ಲಿ ಮೀನಿನ ಐಸ್ ಪ್ಲಾಂಟೂ ಉಂಟು, ಮರದ ಮಿಲ್ಲೂ ಉಂಟು. ಸ್ವಲ್ಪ ಬಂಗುಡೆ ವಾಸನೆ ಹೊಡೆದೀತು, ಅಷ್ಟೇ. ಶತ್ರು ಬಾರದಿದ್ದರೂ ಬೆಕ್ಕುಗಳು ಬಂದಾವು.

ಇರಲಿ, ಪ್ಲೈವುಡ್ಡಿಗೆ ಬರುತ್ತೇನೆ. ಅದನ್ನು ನಿಲ್ಲಿಸಿದ ಜಾಗದಲ್ಲಿ ಕಳೆದ ಮಳೆಗಾಲದವರೆಗೆ ರಸ್ತೆ ಇತ್ತು. ಕಡಲು ಕೊರೆದುಕೊಂಡು ಹೋಯಿತು. ತೆಂಗಿನ ಮರಗಳು ಈಗಲೂ ಅಡ್ಡಬಿದ್ದಿವೆ. ಪಕ್ಕದ ಅಜ್ಜಿಯ ಅಡುಗೆಮನೆ ಅರ್ಧ ನೀರಿನ ಕಡೆ ವಾಲಿದೆ. ತಡೆಗೋಡೆಗೆ ಎರಡು ಲೋಡ್ ಕಲ್ಲು ಹಾಕಿ ಅಂತ ಅವರು ಅರ್ಜಿ ಕೊಟ್ಟು ಆರು ವರ್ಷವಾಯಿತು. ಕಲ್ಲು ಇಲ್ಲದಿದ್ದರೆ ಮರಳಿನ ಚೀಲವಾದರೂ ಇಡಿ ಅಂದರು. ಫೈಲ್ ಮೇಲೆ ಹೋಗಿದೆಯಂತೆ. ಹಡಗು ಗಾಳಿಗೆ ಬೀಳಬಾರದಲ್ಲ, ಅದರ ಸುತ್ತ ಮಾತ್ರ ಮರಳಿನ ಚೀಲದ ಕೋಟೆಯೇ ಇತ್ತು. ರಾತ್ರಿಗೆ ಕಾವಲುಗಾರ ಬೇರೆ.

ಇಷ್ಟು ಹೊತ್ತು ನಗಾಡಿದೆ. ಇನ್ನು ಆಗುವುದಿಲ್ಲ. ಹಡಗಿನ ಮುಂದಿನ ಬೋರ್ಡು ಮಲಯಾಳದಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಕನ್ನಡ ಇರಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇದನ್ನೇ ಹೇಳಿ ಹೇಳಿ ಬಾಯಿ ಒಣಗಿದೆ. ಅಜ್ಜಿಗೆ ಬಂದ ನೋಟಿಸೂ ಮಲಯಾಳದಲ್ಲೇ. ಓದಿಸಲು ನನ್ನ ಹತ್ತಿರ ತಂದರು. ಮಳೆ ಶುರುವಾಗುವ ಮೊದಲು ಮನೆ ಖಾಲಿ ಮಾಡಿ ಅಂತ ಇತ್ತು. ಅದನ್ನು ಕನ್ನಡ ಮಾಡಿ ಹೇಳುವ ಕೆಲಸ ನನ್ನದಾಯಿತು.

ಮೊನ್ನೆ ಹೋದಾಗ ಹಡಗು ಬಿಚ್ಚುತ್ತಿದ್ದರು. ಅಜ್ಜಿ ಮರಳಿನ ಚೀಲಗಳನ್ನು ಒಂದೊಂದಾಗಿ ಮನೆ ಕಡೆ ಎಳೆಯುತ್ತಿದ್ದರು. ಕಾವಲುಗಾರ ಆಚೆ ತಿರುಗಿ ಬೀಡಿ ಸೇದುತ್ತಿದ್ದ.