ಎದಿ ತುಂಬ ಉಸಿರು ತಗೊಂಡು ನಿಂದ್ರಿ, ಆಮ್ಯಾಲೆ ಅಳತಿ

ಮೊನ್ನೆ ಬ್ಲೌಸ್ ಪೀಸ್ ಕೊಡಾಕ ಬಂದ ಒಬ್ರು ಅಕ್ಕಾರು ಕೇಳಿದ್ರು, ಅಲ್ಲವ್ವಾ ಎರಡ್ ವಾರಕ್ಕೊಮ್ಮೆ ಆಯ್ತವಾರ ಮಧ್ಯಾಹ್ನ ಅಂಗಡಿ ಬಾಗ್ಲಾ ಹಾಕ್ಕೊಂಡು ಎಲ್ಲಿಗೆ ಹೋಗ್ತಿ ಅಂತ. ಕಲಾವಿದರ ಗುಂಪು ಒಂದೈತ್ರಿ ಅಲ್ಲಿಗೆ ಅಂದೆ. ಅವರು ನನ್ನ ಕೊಳ್ಳಾಗಿನ ಟೇಪ್ ನೋಡಿದ್ರು, ಮಿಷನ್ ನೋಡಿದ್ರು, "ನೀ ಟೇಲರ್ ಅಲಾ?" ಅಂದ್ರು. ಹೌದ್ರಿ ಟೇಲರ್ ಅಂದೆ. ಅಷ್ಟೇ. ಆದ್ರ ಆ ಮಾತು ತಲಿಯಾಗ ಕುಂತುಬಿಟ್ಟೈತಿ, ಅದಕ್ಕ ಈ ಉದ್ದನ್ನ ಪುರಾಣ. ಬ್ಯಾಸರಾದ್ರ ಸ್ಕ್ರೋಲ್ ಮಾಡ್ಕೊಂಡು ಹೋಗ್ರಿ, ಬ್ಯಾಡ ಅನ್ನಂಗಿಲ್ಲ.

ಗುಂಪಿಗೆ ಹೆಸರಿಲ್ಲ. ರಿಜಿಸ್ಟರ್ ಮಾಡಿಸಿಲ್ಲ, ಅಧ್ಯಕ್ಷರು ಇಲ್ಲ, ಬ್ಯಾನರ್ ಇಲ್ಲ. ಕೊಪ್ಪಳದಾಗ ಒಂದು ಫೋಟೋ ಸ್ಟುಡಿಯೋ ಮ್ಯಾಲೆ ತಗಡಿನ ಶೆಡ್ ಐತಿ, ಬ್ಯಾಸಗಿಯಾಗ ಅದರೊಳಗ ಕುಂತ್ರ ಮನಷ್ಯಾ ಹುರುದು ಮಂಡಾಳ (ಚುರುಮುರಿ) ಆಗ್ತಾನ, ಅಲ್ಲಿ ಕೂಡ್ತೀವಿ. ಒಬ್ರು ಪೇಟಿ ಅಂದ್ರ ಹಾರ್ಮೋನಿಯಂ ಬಾರಿಸೋ ಮಾಸ್ತರು, ನಾವೆಲ್ಲ ಪೇಟಿ ಕಾಕಾ ಅಂತೀವಿ, ನಲವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ನಾಟಕ, ದೊಡ್ಡಾಟ (ನಮ್ಮ ಕಡೆ ಬಯಲಾಟ) ಕಲಿಸಿದವರು. ಒಬ್ರು ರಿಟೈರ್ ಆದ ಡ್ರಾಯಿಂಗ್ ಸರ್. ಒಬ್ಬ ಬಸ್ ಕಂಡಕ್ಟರ್ ಅಣ್ಣ, ಟಿಕೆಟ್ ರೋಲಿನ ಹಿಂದ ಕವನ ಬರೀತಾನ, ಅವನ ಕವನ ಎಲ್ಲಾ ಉದ್ದಕ್ಕ ಸಣ್ಣಗ ಇರೋದು ಅದಕ್ಕ ಅಂತ ನಾವು ಚಾಷ್ಟಿ ಮಾಡ್ತೀವಿ. ಕೆಳಗಿನ ಸ್ಟುಡಿಯೋದ ಹುಡುಗ ಮದುವಿ ವಿಡಿಯೋ ಮಾಡ್ತಾನ. ಕಿನ್ನಾಳದಿಂದ ಗೊಂಬಿ ಮಾಡೋ ಮನಿಯ ಹುಡುಗ ಬರ್ತಾನ. ಹಲಗಿ ಬಾರಿಸೋ ತಮ್ಮ ಒಬ್ಬ. ಆಮ್ಯಾಲೆ ನಾನು.

ನಾನು ಅಲ್ಲಿಗೆ ಕಲಾವಿದೆ ಆಗಿ ಹೋದಾಕಿ ಅಲ್ಲ, ಬಟ್ಟಿ ಕೊಡಾಕ ಹೋದಾಕಿ. ದೊಡ್ಡಾಟದಾಗ ಕೀಚಕನ ಪಾರ್ಟು ಮಾಡೋ ಒಬ್ರಿಗೆ ನಿಲುವಂಗಿ ಹೊಲಿಯಾಕ ಕೊಟ್ಟಿದ್ರು, ಬಾಡಿಗಿ ಡ್ರೆಸ್ ಅವರ ಮೈಗೆ ಹಿಡಿಸಂಗಿಲ್ಲ ಅಂತ. ಕೆಂಪು ಸ್ಯಾಟಿನ್, ಕೊಳ್ಳಿಗೆ ಜರಿ ಪಟ್ಟಿ, ತೋಳಿಗೆ ಚಮಕಿ, ನನಗ ಭಾಳ ಹೆಮ್ಮಿ ಆಗಿತ್ತು ನೋಡ್ರಿ, ಒಂದು ಸುಕ್ಕಿಲ್ಲದಂಗ ಫಿಟ್ಟಿಂಗ್. ಅವರು ಹಾಕ್ಕೊಂಡು ತಾಲೀಮಿಗೆ ನಿಂತ್ರು, ಪೇಟಿ ಕಾಕಾ ಸುರ ಹಿಡಿದ್ರು, ಮ್ಯಾಲಿನ ಸ್ಥಾಯಿಗೆ ಹೋಗೂದ್ರಾಗ ದನಿ ಕಟ್ಟಿತು. ಇನ್ನೊಮ್ಮೆ ಹಿಡಿದ್ರು, ಇನ್ನೊಮ್ಮೆ ಕಟ್ಟಿತು. ಎಲ್ರೂ ಪಾರ್ಟುಧಾರಿಗೆ ಬೈಯಾಕ ಹತ್ತಿದ್ರು, ಬೀಡಿ ಬಿಡು ಅಂತೊಬ್ರು, ಬಿಸಿನೀರು ಕುಡಿ ಅಂತೊಬ್ರು. ಕಾಕಾ ಪೇಟಿ ನಿಲ್ಲಿಸಿ ನನ್ನ ಕಡೆ ನೋಡಿ, "ಯವ್ವಾ, ಈ ಅಂಗಿ ಹೊಲಿದಾಕಿ ನೀನಾ? ಎದಿ ಭಾಳ ಬಿಗಿ ಐತಿ, ಉಸಿರು ಎಲ್ಲಿಂದ ಬರಬೇಕು ಅವಗ" ಅಂದ್ರು.

ಸಿಟ್ಟು ಬಂತು, ಸುಳ್ಳ್ಯಾಕ ಹೇಳಲಿ. ಇಪ್ಪತ್ತು ವರ್ಷದಿಂದ ಹೊಲಿಯಾಕತ್ತೀನಿ, ಪೇಟಿ ಬಾರಿಸೋರು ನನಗ ಫಿಟ್ಟಿಂಗ್ ಹೇಳ್ತಾರಲ್ಲ ಅಂತ. ಆದ್ರ ಅಲ್ಲೇ ಕುಂತು ಬಗಲ ಹೊಲಿಗಿ ಬಿಚ್ಚಿ, ನಾಲ್ಕು ಬೆರಳು ಅಗಲದ ಚೌಕ ತುಂಡು ಎರಡೂ ಕಡೆ ಕೂಡಿಸಿ, ಎದಿ ಸುತ್ತ ಎರಡಿಂಚು ಬಿಟ್ಟೆ. ಹಾಡಿದ್ರು. ದನಿ ಶೆಡ್ಡಿನ ತಗಡು ಮುಟ್ಟಿತು.

ಆವತ್ತು ಗೊತ್ತಾಗಿದ್ದು, ನಾವು ಟೇಲರ್‌ಗಳು ಅಳತಿ ತಗೊಳ್ಳೋದು ಮನಷ್ಯಾ ಸುಮ್ನ ನಿಂತಾಗ. ಹಾಡೋ ಮನಷ್ಯಾ ಸುಮ್ನ ನಿಂದ್ರಂಗಿಲ್ಲ. ಈಗ ಯಾರ ಪಾರ್ಟಿನ ಡ್ರೆಸ್ ಬಂದ್ರೂ "ಎದಿ ತುಂಬ ಉಸಿರು ತಗೊಂಡು ಹಿಡ್ಕೊಂಡು ನಿಂದ್ರಿ" ಅಂತೀನಿ, ಆಮ್ಯಾಲೆ ಟೇಪ್ ಹಾಕ್ತೀನಿ. ಕೈ ಮ್ಯಾಲೆತ್ತಿಸಿ ಒಂದ್ಸಲ, ಕುಂಡ್ರಿಸಿ ಒಂದ್ಸಲ. ಇದನ್ನ ನನಗ ಯಾವ ಟೇಲರೂ ಕಲಿಸಿಲ್ಲ, ಕಲಿಸಾಕ ಬರ್ತಿದ್ದಿಲ್ಲ. ಪೇಟಿ ಕಾಕಾಗ ಸೂಜಿಗೆ ದಾರ ಪೋಣಿಸಾಕ ಬರಂಗಿಲ್ಲ, ಆದ್ರ ಉಸಿರು ಎಲ್ಲಿ ಸಿಗಬಿದ್ದೈತಿ ಅನ್ನೋದು ಕಣ್ಣು ಮುಚ್ಚಿ ಹೇಳ್ತಾರ.

ನಾ ಹೇಳಾಕ ಹೊಂಟಿದ್ದು ಇದೇ ನೋಡ್ರಿ. ಕಲಾವಿದರಿಗೆ ಒತ್ತಾಸಿ ಬೇಕು ಅಂತ ಎಲ್ರೂ ಅಂತಾರ. ಆದ್ರ ಯಾರ ಒತ್ತಾಸಿ? ನನ್ನ ಪ್ರಕಾರ ನಮ್ಮದೇ ಕಸುಬಿನವರ ನಡುವ ಸಿಗೋದು ಎರಡೇ, ಒಂದು ಹೊಟ್ಟಿಕಿಚ್ಚು, ಇಲ್ಲ ಬಾಯಿ ಮಾತಿನ "ಭಾರಿ ಆಗೇತಿ ಬಿಡ್ರಿ". ಕವಿಗೋಷ್ಠಿ ನೋಡಿಲ್ಲೇನು, ಮೂವತ್ತು ಮಂದಿ ಕವಿಗಳು, ತಮ್ಮ ಪಾಳಿ ಮುಗಿದ ಕೂಡ್ಲೇ ಫೋಟೋ ತೆಗೆಸ್ಕೊಂಡು ಚೀಲ ಹೆಗಲಿಗೆ ಹಾಕ್ತಾರ, ಕೊನಿಯವ ಖಾಲಿ ಕುರ್ಚಿಗೆ ಓದ್ತಾನ. ನಾನೂ ಕವನ ಬರೀತೀನ್ರಿ, ಒಂದ್ಸಲ ಆ ಕೊನಿಯಾಕಿ ಆಗಿದ್ದೆ. ಕುರ್ಚಿ ಜೋಡಿಸೋ ಹುಡುಗ ಚಪ್ಪಾಳಿ ಹೊಡೆದ, ಪಾಪ, ಬೇಗ ಮುಗೀಲಿ ಅಂತಿರಬೇಕು.

ಅದೇ ಕವನ ಶೆಡ್ಡಿನ್ಯಾಗ ಓದಿದಾಗ ಕಂಡಕ್ಟರ್ ಅಣ್ಣನೂ ಕವಿನೇ, ಅವ "ಚಲೋ ಐತಿ ತಂಗಿ" ಅಂದ, ಅಷ್ಟೇ. ಹಲಗಿ ತಮ್ಮ ಮಾತ್ರ ಬೆರಳಿನಿಂದ ನೆಲದ ಮ್ಯಾಲೆ ಟಕಟಕ ಅಂತ ಬಡ್ಕೋತ ಕೇಳಿ, "ಅಕ್ಕಾ, ನಾಲ್ಕನೇ ಸಾಲಿನ್ಯಾಗ ಕಾಲು ತಪ್ಪತೈತಿ ನೋಡು" ಅಂದ. ಅವ ಓದಿದ್ದು ಏಳನೇ ಇಯತ್ತೆ. ನಾ ಮನಿಗೆ ಬಂದು ಎಣಿಸಿದ್ರ ಖರೇನೇ ತಪ್ಪಿತ್ತು. ಒಂದು ತಿಂಗಳು ಅವನ ಜೋಡಿ ಮಾತಾಡ್ಲಿಲ್ಲ, ಅದು ಬ್ಯಾರೆ ಮಾತು.

ನಮ್ಮ ಕಡೆ ಇದು ಹೊಸದೂ ಅಲ್ಲ. ಕಿನ್ನಾಳ ಗೊಂಬಿನೇ ತಗೋರಿ. ಹಗುರ ಕಟಿಗಿ ಕೆತ್ತೋರು, ಗೋಣಿ ಚಿಂದಿ ನೆನೆಸಿ ಒಣಗಿಸಿ ಪುಡಿ ಮಾಡಿ, ಕಟಿಗಿ ಹೊಟ್ಟಿನ ಜೋಡಿ ಹುಣಸಿ ಬೀಜದ ಅಂಟಿನ್ಯಾಗ ಕಲಿಸಿ ಕಿಟ್ಟ ಅಂತ ಮಾಡೋರು, ಬಣ್ಣ ಬಳಿಯೋರು, ಎಲ್ಲಾ ಒಂದೇ ಪಡಸಾಲಿಯಾಗ. ತುಂಡು ತುಂಡು ಕಟಿಗಿ ಜೋಡಿಸಿದ್ದು ಮ್ಯಾಲೆ ಕಾಣದಂಗ ಮುಚ್ಚೋದು ಆ ಕಿಟ್ಟನೇ. ಆ ಹುಡುಗ ಇದನ್ನ ಹೇಳಿದಾಗ ನನಗ ನಗು ಬಂತು, ನಾವು ದಿನಾ ಸಂಜಿ ಚಿಂದಿ ಗುಡಿಸಿ ಹೊರಗ ಹಾಕ್ತೀವಿ, ಇವರು ಚಿಂದಿಯಿಂದ ಗರುಡನ ಮೈ ಮಾಡ್ತಾರ. ಹಳೇ ಬಟ್ಟಿ ತುಂಡು ಕೂಡಿಸಿ ಹೊಲಿದ ನಮ್ಮವ್ವನ ಕೌದಿನೂ ಹಂಗೇ ಅಲಾ.

ತೊಗಲುಗೊಂಬಿ ಆಟನೂ ಅಷ್ಟೇ. ತೊಗಲು ಹದ ಮಾಡಬೇಕು, ಕತ್ತರಿಸಬೇಕು, ಬೆಳಕು ಬರೋಹಂಗ ತೂತು ಹೊಡೀಬೇಕು, ಬಣ್ಣ ಹಾಕಬೇಕು, ಪರದಿ ಹಿಂದ ಕುಂತು ಕುಣಿಸಬೇಕು, ಹಾಡಬೇಕು, ಮದ್ದಳಿ ಬಾರಿಸಬೇಕು. ಇಡೀ ಮನಿತನ ಕೂಡಿದ್ರೇ ಆಟ. ನಮ್ಮ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅಜ್ಜಿಗೆ 2025ರಾಗ ಪದ್ಮಶ್ರೀ ಬಂತಲ್ಲ, ತೊಂಬತ್ತು ದಾಟಿದ ಜೀವ, ಆವಾಗ ಟಿವಿಯವರು ಕ್ಯಾಮೆರಾ ಹಿಡ್ಕೊಂಡು ಬಂದ್ರು. ಅಲ್ಲೀಮಟ ಅವರು ಬಾಳೆಲ್ಲ ಪರದಿ ಹಿಂದನೇ ಇದ್ದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರದ್ದು ಇನ್ನೊಂದು ಥರ, ಅವರು ರಂಗಭೂಮಿ ನಟರು, ಅಲ್ಲಿಂದ ಗೊಂಬಿಗೆ ಬಂದು, ರಾಮಾಯಣದ ಗೊಂಬಿ ಕುಣಿಸೋ ಪರದಿ ಮ್ಯಾಲೆ ಗಾಂಧಿ ತಾತನ್ನ ನಡೆಸಿದ್ರು. 2023ರಾಗ ಅಪಘಾತದಾಗ ತೀರಿಕೊಂಡ್ರು. ಇನ್ನ ಬುರ್ರಕಥಿ, ಅಂದ್ರ ಹಾಡ್ಕೋತ ಕಥಿ ಹೇಳೋದು, ಅದರ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ, ಆದ್ರ ದಿನಗಟ್ಟಲೆ ಹಾಡುವಷ್ಟು ಕಥಿ ಬಾಯಾಗಿತ್ತು. ಹಾಡಿದಾಕಿ ಆಕಿ, ಜತಿಗೆ ದನಿಗೂಡಿಸಿದವರು ಬ್ಯಾರೆ, ಬರ್ಕೊಂಡು ಪುಸ್ತಕ ಮಾಡಿದವರು ಬ್ಯಾರೆ. ಹಂಪಿ ವಿಶ್ವವಿದ್ಯಾಲಯ ಆಕಿಗೆ ನಾಡೋಜ ಗೌರವ ಕೊಟ್ಟಿತು.

ಇನ್ನ ಬಳ್ಳಾರಿ ರಾಘವ. 1880ರಾಗ ಹುಟ್ಟಿದವರು, ವಕೀಲರು, ಹಗಲು ಕೋರ್ಟು ರಾತ್ರಿ ನಾಟಕ. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಾಚಾರ್ಯರದ್ದು ಸರಸವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರದ್ದು ಸುಮನೋರಮಾ ಸಭಾ, ಒಂದೇ ಊರಾಗ ಎರಡು ನಾಟಕ ಸಭಾ, ನೂರು ವರ್ಷಕ್ಕಿಂತ ಹಿಂದ! ಹೆಣ್ಣಿನ ಪಾರ್ಟು ಹೆಣ್ಮಕ್ಕಳೇ ಮಾಡಬೇಕು ಅಂತ ಹಟ ಹಿಡಿದವರು ರಾಘವ. ಈಗ ಅವರ ಹೆಸರಿನ ಕಲಾಮಂದಿರಕ್ಕ ಹೋದಾಗೆಲ್ಲ ನನ್ನ ತಲಿಯಾಗ ಒಂದೇ ಪ್ರಶ್ನಿ, ಆ ಕಾಲಕ್ಕ ಅವರ ಅಂಗಿ ಹೊಲಿದವ ಯಾರು? ಅವನ ಹೆಸರು ಎಲ್ಲಿಯೂ ಇಲ್ಲ. ನಂಗೊಬ್ಬಾಕಿಗೇ ಇಂಥ ಕೆಟ್ಟ ಕುತೂಹಲ ಇರಬೇಕು.

ಹೆಸರಿನ ಮಾತು ಬಂತು ಅಂದ್ರ ಒಂದು ಹೇಳಿಬಿಡ್ತೀನಿ. ಒಂದು ಸಂಸ್ಥೆಯವರು ನನ್ನ ಕಡಿಂದ ಹದಿನಾಲ್ಕು ಡ್ರೆಸ್ ಹೊಲಿಸ್ಕೊಂಡ್ರು. ಆಮಂತ್ರಣದಾಗ ಮೈಕ್‌ನವರ ಹೆಸರಿತ್ತು, ಹೂವಿನ ಅಲಂಕಾರದವರ ಹೆಸರಿತ್ತು, ನಂದಿಲ್ಲ. ರೊಕ್ಕ ಎಂಟು ತಿಂಗಳ ಮ್ಯಾಲೆ ಬಂತು, ಅದೂ ಅರ್ಧ. ನಾ ಶೆಡ್ಡಿಗೆ ಬಂದು ಅತ್ತೆ. ಯಾರೂ ಸಮಾಧಾನದ ಭಾಷಣ ಮಾಡ್ಲಿಲ್ಲ. ಡ್ರಾಯಿಂಗ್ ಸರ್ ಒಂದು ಹಾಳಿ ತಗೊಂಡು ಚಂದಗ ಬಿಲ್ ಬುಕ್ ನಮೂನಿ ಬರೆದು ಕೊಟ್ರು, "ಇನ್ಮ್ಯಾಲೆ ಅರ್ಧ ಅಡ್ವಾನ್ಸ್ ಇಲ್ದ ಕತ್ತರಿ ಹಿಡಿಬ್ಯಾಡಮ್ಮ" ಅಂದ್ರು. ಮುಂದಿನ ನಾಟಕದ ಹ್ಯಾಂಡ್‌ಬಿಲ್ ನಮ್ಮವರೇ ಮಾಡಿಸಿದ್ರು, ಅದರಾಗ "ವಸ್ತ್ರವಿನ್ಯಾಸ" ಅಂತ ನನ್ನ ಹೆಸರು, ಅದನ್ನೂ ತಪ್ಪು ಅಚ್ಚು ಮಾಡಿಸಿದ್ರು! ನನ್ನ ಹೆಸರಿನ ಜಾಗದಾಗ ಇನ್ಯಾವಕಿದೋ ಹೆಸರು ಆಗಿತ್ತು. ಆದ್ರೂ ಆ ಹ್ಯಾಂಡ್‌ಬಿಲ್ ಮಿಷನ್ ಡ್ರಾಯರಿನ್ಯಾಗ ಐತಿ.

2020ರ ಲಾಕ್‌ಡೌನ್ ಬಿದ್ದಿದ್ದು ಯಾವಾಗ ನೆನಪೈತೇನು, ಮಾರ್ಚ್ ಕೊನಿಗೆ, ಯುಗಾದಿ ಹೊತ್ತಿಗೆ. ಜಾತ್ರಿ, ನಾಟಕ, ಮದುವಿ, ಎಲ್ಲಾ ನಮ್ಮ ಸೀಸನ್ ಶುರು ಆಗೋದೇ ಅವಾಗ. ಆ ನಾಲ್ಕು ತಿಂಗಳ ದುಡಿಮಿ ಮ್ಯಾಲೆ ವರ್ಷ ನಡೆಸೋ ಮಂದಿ ನಾವು. ನನಗೆ ಮಾಸ್ಕ್ ಹೊಲಿಯೋ ಕೆಲಸಾದ್ರೂ ಸಿಕ್ಕಿತು, ಹಲಗಿ ತಮ್ಮಗ, ವಿಡಿಯೋ ಹುಡುಗಗ, ಕಾಕಾಗ ಏನೂ ಇಲ್ಲ. ನಮ್ಮ ಹತ್ರ ಒಂದು ಡಾಲ್ಡಾ ಡಬ್ಬಿ ಇತ್ತು, ಕೂಡಿದಾಗೆಲ್ಲ ತಲಿಗೆ 50 ರೂಪಾಯಿ ಹಾಕೋದು, ಚಾ, ಒಗ್ಗರಣಿ ಮಿರ್ಚಿ ಖರ್ಚು ಕಳೆದು ಉಳಿದದ್ದು. ಅದನ್ನ ಒಡೆದು ಹಂಚಿದ್ರು. ದೊಡ್ಡ ರೊಕ್ಕ ಅಲ್ಲ. ಆದ್ರ ಯಾರೂ ಅರ್ಜಿ ಬರೀಲಿಲ್ಲ, ಕೈ ಚಾಚಲಿಲ್ಲ, ಫೋಟೋ ತೆಗೀಲಿಲ್ಲ.

ಎಲ್ಲಾ ಚಂದ ಅಂತ ಅನ್ಕೋಬ್ಯಾಡ್ರಿ ಮತ್ತ. ಜಗಳ ಬೇಕಾದಷ್ಟು ಅದಾವ. ಇಬ್ರು ಬಿಟ್ಟು ಹೋದ್ರು, ಒಬ್ರು ಅಧ್ಯಕ್ಷ ಮಾಡ್ಲಿಲ್ಲ ಅಂತ. ಇನ್ನೊಬ್ರು ಹೋಗಿದ್ದು ಯಾಕಂದ್ರ, ಬಾಯಿಬಿಟ್ಟು ಹೇಳ್ಲಿಲ್ಲ, ಎಲ್ರಿಗೂ ಗೊತ್ತು, ಮಂಡಾಳದ ಪರಾತ ಒಂದೇ ಇರ್ತೈತಿ, ಅದರಾಗ ಹಲಗಿ ತಮ್ಮನೂ ಕೈ ಹಾಕ್ತಾನ. ನಮ್ಮ ಕಡೆ ಕಲೆ ಅನ್ನೋದೇ ಜಾತಿ ಹಿಡ್ಕೊಂಡು ಬಂದೈತಿ, ಚಿತ್ರಗಾರರದು ಒಂದು ಓಣಿ, ತೊಗಲುಗೊಂಬಿಯವರದು ಒಂದು, ಹಲಗಿಯವರು ಊರ ಹೊರಗ. ನಾ ಹುಟ್ಟಿದ ಊರಾಗ ದ್ಯಾವ್ರ ಮುಂದ ಹಲಗಿ ಬಾರಿಸಬೇಕು, ಗುಡಿಯೊಳಗ ಬರಂಗಿಲ್ಲ. ಕಲೆಗೆ ಜಾತಿ ಇಲ್ಲ ಅಂತ ಸ್ಟೇಜ್ ಮ್ಯಾಲೆ ನಿಂತು ಹೇಳೋರನ್ನ ನಾ ಭಾಳ ಮಂದಿ ನೋಡೀನಿ, ಅವರು ಆಮ್ಯಾಲೆ ಎಲ್ಲಿ ಉಣ್ತಾರ ಅನ್ನೋದನ್ನೂ ನೋಡೀನಿ. ಆ ಪರಾತ ಬದಲು ಮಾಡೂಣು, ಪ್ಲೇಟ್ ತರೂಣು ಅಂತ ಒಬ್ರು ನಯವಾಗಿ ಅಂದ್ರು. ಕಾಕಾ ಉತ್ತರಾನೂ ಕೊಡ್ಲಿಲ್ಲ, ಪರಾತ ತಮ್ಮನ ಮುಂದ ಸರಿಸಿ ಉಳ್ಳಾಗಡ್ಡಿ ಹಾಕು ಅಂದ್ರು.

ಹೆಣ್ಮಕ್ಕಳದ್ದೂ ಒಂದೈತಿ. ಮೊದಲು ರಾತ್ರಿ ಎಂಟಕ್ಕ ಕೂಡ್ತಿದ್ರು. ನಾ ಎರಡ್ ಸಲ ಹೋದೆ, ಮೂರನೇ ಸಲ ನಮ್ಮತ್ತಿ ಬಾಗಿಲಿಗೆ ಅಡ್ಡ ಕುಂತ್ರು. ನಾ ಬರಂಗಿಲ್ಲ ಅಂತ ಫೋನ್ ಮಾಡಿದೆ. ಹೆಣ್ಮಕ್ಕಳು ಮುಂದ ಬರಬೇಕು, ಧೈರ್ಯ ಮಾಡಬೇಕು ಅಂತ ಯಾರೂ ಅನ್ನಲಿಲ್ಲ ನೋಡ್ರಿ, ಅದೇ ನನಗ ಸೇರಿದ್ದು. ಟೈಮು ಮಧ್ಯಾಹ್ನ ಮೂರಕ್ಕ ಮಾಡಿದ್ರು, ಅಷ್ಟೇ. ತಗಡಿನ ಕೆಳಗ ಮೂರು ಗಂಟಿ ಬಿಸಲಿನ್ಯಾಗ ಏಳು ಮಂದಿ ಬೆವರು ಒರಸ್ಕೋತ ಕುಂದ್ರೋದು ನನ್ನ ಸಲುವಾಗಿ. ಕಂಡಕ್ಟರ್ ಅಣ್ಣ ಡ್ಯೂಟಿ ಅದಲು ಬದಲು ಮಾಡಿಸ್ಕೊಂಡು ಬರ್ತಾನ, ಗಂಗಾವತಿ ಟ್ರಿಪ್ ಬಿಟ್ಟುಕೊಟ್ಟು.

ಈಗ ನಮ್ಮತ್ತಿನೂ ಬದಲಾಗ್ಯಾರ ಅಂತಲ್ಲ. ಆದ್ರ ಹೋದ ತಿಂಗಳು ಕಿನ್ನಾಳದ ಹುಡುಗ ಮನಿಗೆ ಬಂದಾಗ ಅವರು ಹಳೇ ಟ್ರಂಕ್ ತೆಗೆದು ತಮ್ಮ ಮದುವಿ ಇಳಕಲ್ ಸೀರಿ ತೋರಿಸಿದ್ರು, ಮಡಿಕಿ ಮಡಿಕಿಗೆ ಹರಿದೈತಿ, ಸೆರಗು ಮಾತ್ರ ಗಟ್ಟಿ. ಅವ ಆ ತೋಪು ಸೆರಗಿನ ಫೋಟೋ ಹೊಡ್ಕೊಂಡು ಹೋಗಿ ಅದೇ ಸೆರಗಿನ ಗೌರಿ ಗೊಂಬಿ ಬರೀತೀನಿ ಅಂದಾನ. ಅತ್ತಿ ದಿನಾ ಕೇಳ್ತಾರ, ಆ ಹುಡುಗ ನನ್ನ ಸೀರಿ ಏನ್ ಮಾಡಿದ ಅಂತ. ಇನ್ನೂ ಬಣ್ಣ ಒಣಗಿಲ್ಲಂತ್ರಿ ಅಂತ ನಾ ಸುಳ್ಳು ಹೇಳ್ಕೋತ ದಿನ ದೂಡಾಕತ್ತೀನಿ, ಅವ ಇನ್ನೂ ಕಟಿಗಿನೇ ಕೆತ್ತಿಲ್ಲ. ಲೇ ತಮ್ಮಾ, ಇದನ್ನ ಓದಾಕತ್ತಿದ್ರ ಈ ಆಯ್ತವಾರ ಅರ್ಧ ಮರ್ಧ ಆಗಿದ್ರೂ ಹಿಡ್ಕೊಂಡು ಬಾ, ಅತ್ತಿನ್ನ ಶೆಡ್ಡಿಗೆ ಕರ್ಕೊಂಡು ಬರ್ತೀನಿ.