‘ನೋವೆಲ್ಲಾ ಭ್ರಮೆ’ ಅಂತ ವುಲ್ಫ್ ಹೇಳಿಲ್ಲ

ಹಾರ್ವರ್ಡ್ ವಿಜ್ಞಾನಿ ಕ್ಲಿಫರ್ಡ್ ವುಲ್ಫ್ ಅವ್ರು ‘ವರ್ಷಗಟ್ಟಲೆ ಕಾಡೋ ನೋವು ಬರೀ ಮನಸ್ಸಿನ ಭ್ರಮೆ’ ಅಂತ ಪ್ರೂವ್ ಮಾಡಿದಾರೆ ಅನ್ನೋ ಫಾರ್ವರ್ಡ್ ಓಡಾಡ್ತಿದೆಯಲ್ಲ, ಅದು ತಪ್ಪು, ತಪ್ಪು ಅಂದ್ರೆ ಪೂರ್ತಿ ಉಲ್ಟಾ. ಸೊಂಟನೋವು ಅನ್ನೋ ಅತ್ತೆಗೆ ‘ನಾಟಕ ಸಾಕು’ ಅನ್ನೋಕೆ ಇವ್ರ ಹೆಸರು ಬಳಸ್ಬೇಡಿ.

ಸೌತ್ ಆಫ್ರಿಕಾದಲ್ಲಿ ಓದಿ ಲಂಡನ್ನಿಗೆ ಹೋಗಿ ನೋವಿನ ಬಗ್ಗೆ ಸಂಶೋಧನೆ ಮಾಡ್ತಿದ್ದ ಪ್ಯಾಟ್ರಿಕ್ ವಾಲ್ ಜೊತೆ ಕೆಲಸ ಮಾಡಿದ ಈ ಮನುಷ್ಯ 1983ರಲ್ಲಿ ನೇಚರ್ ಪತ್ರಿಕೆಲಿ ಒಂದು ಪೇಪರ್ ಹಾಕಿದ್ರು. ಇಲಿ ಕಾಲಿಗೆ ಗಾಯ ಆದ್ಮೇಲೆ, ಕಾಲು ಹಿಂದಕ್ಕೆ ಎಳ್ಕೊಳ್ಳೋಕೆ ಸಿಗ್ನಲ್ ಕೊಡೋ ನರಕೋಶಗಳು ಸುಮ್ನೆ ಮುಟ್ಟಿದ್ರೂ ಜೋರಾಗಿ ಕೆರಳೋಕೆ ಶುರುವಾದ್ವು, ಗಾಯದ ಜಾಗನ ಮರಗಟ್ಟಿಸೋ ಔಷಧಿ ಕೊಟ್ರೂ ಅದು ನಿಲ್ಲಲಿಲ್ಲ. ಅಂದ್ರೆ ಬೆನ್ನುಹುರಿಲೇ ಏನೋ ಬದಲಾಗಿತ್ತು, ಇದನ್ನೇ ಸೆಂಟ್ರಲ್ ಸೆನ್ಸಿಟೈಸೇಶನ್ ಅನ್ನೋದು. ಆ ಇಲಿಗಳಿಗೆ ದೊಡ್ಡ ಮೆದುಳಿನ ಕನೆಕ್ಷನ್ನೇ ಇರ್ಲಿಲ್ಲ, ಭ್ರಮೆ ಎಲ್ಲಿಂದ ಬರ್ಬೇಕು ಪಾಪ!

1991ರಲ್ಲಿ, ಎನ್‌ಎಮ್‌ಡಿಎ ರಿಸೆಪ್ಟರ್ (ನರಕೋಶದ ಮೇಲೆ ಸಿಗ್ನಲ್ ಹಿಡಿಯೋ ಪ್ರೋಟೀನ್) ಬ್ಲಾಕ್ ಮಾಡಿದ್ರೆ ಈ ಕೆರಳಿಕೆ ಹುಟ್ಟೋದೂ ಇಲ್ಲ, ಹುಟ್ಟಿದ್ರೂ ತಗ್ಗುತ್ತೆ ಅಂತ ತೋರ್ಸಿದ್ರು. ಸ್ಟ್ರೆಸ್ಸು, ನಿದ್ದೆಗೆಡೋದು ನೋವನ್ನ ಜಾಸ್ತಿ ಮಾಡುತ್ತೆ ಅನ್ನೋದು ನಿಜ, ಎಲ್ಲಾ ಹಳೇ ನೋವಿಗೂ ಬೆನ್ನುಹುರಿ ಒಂದೇ ಕಾರಣ ಅಂತಾನೂ ಅಲ್ಲ.